ಸುಗ್ಗಿ ಹಬ್ಬದ ಆರಾಧನೆಗೆ ರೂತಳ ಕಿರುನಾಟಕ: 10 ನಿಮಿಷಗಳಲ್ಲಿ ಏನನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ — ಸಂಡೇ ಸ್ಕೂಲ್ ಶಿಕ್ಷಕಿ, ಧಾರವಾಡ ಜಿಲ್ಲೆ

ಎಲ್ಲರಿಗೂ ವಂದನೆಗಳು. ನಾನು ಧಾರವಾಡ ಜಿಲ್ಲೆಯ ಒಂದು ಚಿಕ್ಕ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಈ ವರ್ಷದ ಸುಗ್ಗಿ ಹಬ್ಬದ ಆರಾಧನೆಯಲ್ಲಿ, ಸತ್ಯವೇದ (ಬೈಬಲ್) ವಾಚನಕ್ಕೂ ಪ್ರಸಂಗಕ್ಕೂ (ಉಪದೇಶಕ್ಕೂ) ನಡುವೆ, 10 ನಿಮಿಷ ಮೀರದ ಒಂದು ಕಿರುನಾಟಕವನ್ನು ಬರೆದು ಆಡಿಸಬೇಕೆಂದು ನಮ್ಮ ಅಯ್ಯನವರು (ಸಭಾಪಾಲಕರು) ಕೇಳಿಕೊಂಡಿದ್ದಾರೆ. ನಾನು ರೂತಳ ಕಥೆಯನ್ನು ಆರಿಸಿಕೊಂಡಿದ್ದೇನೆ. ಬರಗಾಲದಲ್ಲಿ ಬೇತ್ಲೆಹೇಮನ್ನು ಬಿಟ್ಟು ಮೋವಾಬ್ ದೇಶಕ್ಕೆ ಹೋದ ನೊವೊಮಿ ಅಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು, ಮೋವಾಬಿನ ಸೊಸೆ ರೂತಳೊಡನೆ ಊರಿಗೆ ಹಿಂತಿರುಗುತ್ತಾಳೆ; ರೂತಳು ಬೋವಜನೆಂಬ ಒಡೆಯನ ಹೊಲದಲ್ಲಿ ಉಳಿದ ತೆನೆಗಳನ್ನು ಆಯ್ದು, ಮುಂದೆ ಅವನನ್ನು ಮದುವೆಯಾಗಿ ಓಬೇದನನ್ನು ಹೆರುತ್ತಾಳೆ. ನಮ್ಮ ಸಭೆಯ ಹೆಚ್ಚಿನ ಕುಟುಂಬಗಳು ಕೃಷಿಯನ್ನೇ ನಂಬಿದವು. ಅದರಲ್ಲಿಯೂ ಅನೇಕರು ಬೇರೆಯವರ ಹೊಲಗಳಲ್ಲಿ ಕೂಲಿಗೆ ಹೋಗುವವರು. ಹಕ್ಕಲಾಯುವುದು, ಅಂದರೆ ಕೊಯ್ಲಾದ ಹೊಲದಲ್ಲಿ ಉಳಿದ ತೆನೆಗಳನ್ನು ಆಯ್ದುಕೊಳ್ಳುವುದು, ಏನೆಂದು ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಬೇತ್ಲೆಹೇಮಿನ ಬರಗಾಲದಿಂದ ಆರಂಭಿಸಿ ಓಬೇದನು ಹುಟ್ಟುವವರೆಗೆ ಏಳು ದೃಶ್ಯಗಳನ್ನು ಬರೆದಿದ್ದೇನೆ. ಗಟ್ಟಿಯಾಗಿ ಓದಿದರೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಯಾವ ದೃಶ್ಯವನ್ನು ಬಿಟ್ಟರೂ ಮುಂದಿನ ದೃಶ್ಯ ಅರ್ಥವಾಗುವುದಿಲ್ಲವೆನ್ನಿಸುತ್ತದೆ. ಎಲ್ಲವನ್ನೂ ನಿರೂಪಕನ ಬಾಯಿಂದ ಹೇಳಿಸಿದರೆ ಅದು ನಾಟಕವಾಗುವ ಬದಲು ಇನ್ನೊಂದು ವಾಚನವಾಗುತ್ತದೆ. ಹಾಗಾದರೆ ಈ ಕಥೆಯಲ್ಲಿ ಬಿಡಲೇಬಾರದ ಭಾಗ ಯಾವುದು?

ಎರಡನೆಯದು ಭಾಷೆಯ ಪ್ರಶ್ನೆ. ಸತ್ಯವೇದದ ಕನ್ನಡವನ್ನು ಹಾಗೆಯೇ ಇಟ್ಟರೆ ಮಕ್ಕಳು ಅದನ್ನು ಕಂಠಪಾಠದಂತೆ ಒಪ್ಪಿಸುತ್ತಾರೆ. ಮನೆಯಲ್ಲಿ ನಾವು ಆಡುವ ಮಾತನ್ನು ಬರೆದರೆ, ಆರಾಧನೆಯ ಗಾಂಭೀರ್ಯ ಕೆಡುತ್ತದೆಯೇ ಎಂಬ ಅಳುಕು ನನ್ನಲ್ಲಿಯೇ ಇದೆ.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ಸಭೆಯ ಹಿರಿಯರೊಬ್ಬರು, ಕ್ರಿಸ್ಮಸ್ ರಾತ್ರಿ ಚರ್ಚಿನ ಅಂಗಳದಲ್ಲಿ ನಾಟಕವಾಡುವುದಕ್ಕೆ ತಮ್ಮ ಅಡ್ಡಿಯಿಲ್ಲ, ಆದರೆ ಆರಾಧನೆಯ ನಡುವೆ, ಪವಿತ್ರ ಮೇಜಿನ ಮುಂದೆ ವೇಷ ಹಾಕಿ ನಿಲ್ಲುವುದು ಸರಿಯಲ್ಲ ಎಂದು ಹೇಳಿದ್ದಾರೆ. ಅವರು ಹಟಕ್ಕಾಗಿ ಮಾತನಾಡುವವರಲ್ಲ. ಅವರಿಗೆ ಗೌರವಪೂರ್ವಕವಾದ ಉತ್ತರವನ್ನು ಕೊಡಬೇಕೆಂಬುದು ನನ್ನ ಆಸೆ.

ನಮ್ಮಲ್ಲಿ ಪರದೆಯಿಲ್ಲ, ವೇದಿಕೆಯಿಲ್ಲ. ಪವಿತ್ರ ಮೇಜಿನ ಮುಂದೆ ಮೂರು ಮೆಟ್ಟಿಲುಗಳಿವೆ, ಒಂದು ಸ್ಟ್ಯಾಂಡ್ ಮೈಕ್ ಮತ್ತು ಕೈಯಲ್ಲಿ ಹಿಡಿಯುವ ಇನ್ನೊಂದು ಮೈಕ್ ಇವೆ. ಪಾತ್ರಕ್ಕೆ ಸಿಗುವವರು ಸಂಡೇ ಸ್ಕೂಲಿನ ಮಕ್ಕಳು ಹಾಗೂ ಸ್ತ್ರೀಯರ ಅನ್ಯೋನ್ಯ ಕೂಟದ ಇಬ್ಬರು ಮೂವರು. ಅನುಭವವಿದ್ದವರು ದಯವಿಟ್ಟು ಸಲಹೆ ಕೊಡಿ.

ಉತ್ತರ — ಹವ್ಯಾಸಿ ರಂಗಕರ್ಮಿ, ಹುಬ್ಬಳ್ಳಿ

ಶಿಕ್ಷಕಿಯವರೇ, ನಿಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದ ಕೆಲಸ ಬಹುಮಟ್ಟಿಗೆ ಹಗುರವಾಗುತ್ತದೆ. ಹಾಗಾಗಿ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ರೂತಳ ಗ್ರಂಥದಲ್ಲಿ ಇರುವುದು 4 ಅಧ್ಯಾಯಗಳು, 85 ವಚನಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ವಚನಗಳಲ್ಲಿ ಯಾರಾದರೊಬ್ಬರು ಮಾತನಾಡುತ್ತಿರುತ್ತಾರೆ. ಆದ್ದರಿಂದಲೇ ಅದು ನಾಟಕಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಮತ್ತು ಆದ್ದರಿಂದಲೇ ಬರೆಯುವವರು ಎಲ್ಲ ಮಾತುಗಳನ್ನೂ ರಂಗದ ಮೇಲೆ ತರಲು ಹೊರಡುತ್ತಾರೆ. 10 ನಿಮಿಷಗಳ ನಾಟಕ ಒಂದು ಇಡೀ ಕಥೆಯನ್ನು ಹೇಳಲಾರದು. ಒಬ್ಬ ಮನುಷ್ಯನೊಳಗೆ ಆಗುವ ಒಂದು ಬದಲಾವಣೆಯನ್ನು ಮಾತ್ರ ತೋರಿಸಬಲ್ಲದು. ಈ ಕಥೆಯಲ್ಲಿ ಬದಲಾಗುವವರು ಯಾರೆಂದು ಕೇಳಿಕೊಂಡು ನೋಡಿ. ರೂತಳು ಮೊದಲನೆಯ ಅಧ್ಯಾಯದಲ್ಲಿಯೇ ತನ್ನ ನಿರ್ಧಾರವನ್ನು ಮಾಡಿಬಿಟ್ಟಿದ್ದಾಳೆ. ಬೋವಜನು ಮೊದಲಿನಿಂದಲೂ ಒಳ್ಳೆಯವನು. ಬದಲಾಗುವವಳು ನೊವೊಮಿ. ತುಂಬಿದವಳಾಗಿ ಹೋದೆ, ದೇವರು ನನ್ನನ್ನು ಬರಿಗೈಯಲ್ಲಿ ತಂದಿದ್ದಾನೆ, ನನ್ನನ್ನು ಮಾರಾ (ಕಹಿಯಾದವಳು) ಎಂದು ಕರೆಯಿರಿ ಎಂದು ಊರ ಹೆಂಗಸರ ಮುಂದೆ ಹೇಳಿದವಳು ಅವಳು. ಅವಳು ಹಾಗೆ ಹೇಳುವಾಗ ರೂತಳು ಅವಳ ಪಕ್ಕದಲ್ಲಿಯೇ ಇದ್ದಾಳೆ, ಎಲ್ಲವನ್ನೂ ಬಿಟ್ಟು ಅವಳಿಗಾಗಿಯೇ ನಡೆದು ಬಂದಿದ್ದಾಳೆ. ಆದರೂ ನೊವೊಮಿಯ ಲೆಕ್ಕದಲ್ಲಿ ಅವಳ ಕೈ ಖಾಲಿ. ಸತ್ಯವೇದ ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದ ಕೂಡಲೇ ನೋಡುವವರಿಗೆ ಅದು ಹೊಳೆಯುತ್ತದೆ, ಮತ್ತು ವಾಚನದಿಂದ ಆಗದ ಒಂದು ಕೆಲಸವನ್ನು ನಾಟಕ ಮಾಡಬಲ್ಲದೆಂಬುದಕ್ಕೆ ಅದೇ ಸಾಕ್ಷಿ.

ಆದ್ದರಿಂದ ನಿಮ್ಮ ನಾಟಕವನ್ನು ಎರಡನೆಯ ಅಧ್ಯಾಯದ ಸಂಜೆಯ ಮೇಲೆ ನಿಲ್ಲಿಸಿ. ರೂತಳು ದಿನವೆಲ್ಲ ಆಯ್ದು, ಬಡಿದು, ಒಂದು ಏಫಾದಷ್ಟು ಜವೆಗೋದಿಯನ್ನು ಹೊತ್ತು ಮನೆಗೆ ಬರುತ್ತಾಳೆ. ಏಫಾ ಎಂದರೆ ಸುಮಾರು 22 ಲೀಟರ್ ಹಿಡಿಯುವ ಅಳತೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಹಕ್ಕಲಾಯ್ದವಳೊಬ್ಬಳ ಒಂದು ದಿನದ ಗಳಿಕೆಗೆ ಅದು ನಂಬಲಾಗದಷ್ಟು ಹೆಚ್ಚು. ಇವತ್ತು ಎಲ್ಲಿ ಹಕ್ಕಲಾಯ್ದೆ ಎಂದು ನೊವೊಮಿ ಕೇಳುತ್ತಾಳೆ. ಆ ಒಂದು ಪ್ರಶ್ನೆಯ ಮೂಲಕ ಹೊಲ, ಒಡೆಯ, ಮಧ್ಯಾಹ್ನದ ಊಟ, ಕೊಯ್ಯುವವರಿಗೆ ಕೊಟ್ಟ ಅಪ್ಪಣೆ, ಎಲ್ಲವೂ ಮನೆಯೊಳಗೆ ಬಂದುಬಿಡುತ್ತವೆ. ಬರಗಾಲ, ಮೋವಾಬ್, ಮೂವರ ಸಾವು ಇವುಗಳಿಗೆ ನೊವೊಮಿಯ ಎರಡು ಮಾತು ಸಾಕು. ನೊವೊಮಿಯ ಇನ್ನೊಬ್ಬ ಸೊಸೆ ಒರ್ಫಾಳನ್ನೂ ಊರ ಬಾಗಿಲಿನ 10 ಮಂದಿ ಹಿರಿಯರನ್ನೂ ರೂತಳು ಬೋವಜನನ್ನು ಕಾಣಲು ಹೋದ ಕಣದ ರಾತ್ರಿಯನ್ನೂ ಈ ಸಲ ಬಿಟ್ಟುಬಿಡಿ. ಅಯ್ಯನವರು ಪ್ರಸಂಗದಲ್ಲಿ ಬೇಕಾದದ್ದನ್ನು ಹೇಳಿಕೊಳ್ಳುತ್ತಾರೆ.

ನಾಟಕದ ಉದ್ದದ ಬಗ್ಗೆ ಒಂದು ಮಾತು. ಚರ್ಚಿನ ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುತ್ತವೆ, ಮಕ್ಕಳು ನಿಧಾನವಾಗಿ ಮಾತನಾಡಬೇಕಾಗುತ್ತದೆ, ನಡೆದು ಬರುವುದಕ್ಕೂ ಸುಮ್ಮನೆ ನಿಲ್ಲುವುದಕ್ಕೂ ಹೊತ್ತು ಬೇಕು. ಇವೆಲ್ಲವನ್ನೂ ಗಮನಿಸಿದರೆ 10 ನಿಮಿಷಕ್ಕೆ 600 ರಿಂದ 700 ಪದಗಳಷ್ಟು ಸಂಭಾಷಣೆ ಧಾರಾಳವಾಯಿತು. ಪುಟಗಳನ್ನು ಎಣಿಸಬೇಡಿ; ಗಡಿಯಾರವನ್ನು ಮುಂದಿಟ್ಟುಕೊಂಡು, ಎದ್ದು ಓಡಾಡುತ್ತ, ಗಟ್ಟಿಯಾಗಿ ಓದಿಸಿ ನೋಡಿ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪಾತ್ರಗಳು ಮನುಷ್ಯರಂತೆ ಮಾತನಾಡಬೇಕು. ರೂತಳು ನೊವೊಮಿಯನ್ನು ಅತ್ತೆ ಎಂದು ಕರೆಯಲಿ, ನೊವೊಮಿ ಅವಳನ್ನು ಮಗಳೇ ಎನ್ನಲಿ, ವಾಕ್ಯಗಳು ಒಂದೇ ಉಸಿರಿಗೆ ಮುಗಿಯುವಷ್ಟು ಚಿಕ್ಕವಾಗಿರಲಿ. ಜನರು ಚಿಕ್ಕಂದಿನಿಂದ ಕೇಳಿ ಬಲ್ಲ ವಚನಗಳು, ಉದಾಹರಣೆಗೆ ನಿನ್ನ ಜನರೇ ನನ್ನ ಜನರು, ನಿನ್ನ ದೇವರೇ ನನ್ನ ದೇವರು ಎಂಬಂಥವು, ಬಂದಾಗ ಮಾತ್ರ ಅವುಗಳನ್ನು ಸತ್ಯವೇದದಲ್ಲಿ ಇರುವಂತೆಯೇ ಉಳಿಸಿಕೊಳ್ಳಿ. ಸುತ್ತಲಿನ ಮಾತು ಸರಳವಾಗಿದ್ದರೆ ಆ ವಚನ ತಾನಾಗಿಯೇ ಎದ್ದು ಕೇಳಿಸುತ್ತದೆ. ಗಾಂಭೀರ್ಯ ಕೆಡುವುದು ಆಡುಮಾತಿನಿಂದಲ್ಲ, ನಗಿಸಬೇಕೆಂದು ಸೇರಿಸುವ ಮಾತಿನಿಂದ. ಕೊಯ್ಲಿನವರ ನಡುವೆ ಒಬ್ಬ ಕುಡುಕನನ್ನೋ ಸೋಮಾರಿಯನ್ನೋ ಇಟ್ಟು ಹಾಸ್ಯ ಮಾಡಿಸುವ ರೂಢಿ ನಮ್ಮ ಕಡೆಯ ಸಭೆಗಳ ನಾಟಕಗಳಲ್ಲಿ ಇದೆ. ಆರಾಧನೆಯೊಳಗೆ ಅದು ಬೇಡ.

ಇನ್ನು ಒಂದು ಸಂಗತಿ. ಹಕ್ಕಲಾಯುವುದು ಬಗ್ಗಿ ಮಾಡುವ ಕೆಲಸ. ಸಮತಟ್ಟಾದ ನೆಲದ ಮೇಲೆ ರೂತಳು ಬಗ್ಗಿದರೆ ಮೂರನೆಯ ಬೆಂಚಿನಿಂದ ಹಿಂದೆ ಕುಳಿತವರಿಗೆ ಅವಳು ಕಾಣುವುದೇ ಇಲ್ಲ. ನಿಮ್ಮಲ್ಲಿರುವ ಮೂರು ಮೆಟ್ಟಿಲುಗಳೇ ನಿಮ್ಮ ವೇದಿಕೆ. ಮಾತೆಲ್ಲ ಮೆಟ್ಟಿಲ ಮೇಲೆ, ಸ್ಟ್ಯಾಂಡ್ ಮೈಕಿನ ಹತ್ತಿರ ನಡೆಯಲಿ. ಕೈಮೈಕನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬೇಡಿ, ಯಾಕೆಂದರೆ ಆಗ ನೋಡುವವರ ಗಮನವೆಲ್ಲ ಮೈಕಿನ ಮೇಲೆಯೇ ಇರುತ್ತದೆ. ಓಡಾಟಕ್ಕೆ ಬೆಂಚುಗಳ ನಡುವಿನ ಹಾದಿಯನ್ನು ಬಳಸಿಕೊಳ್ಳಿ.

ಉತ್ತರ — ನಿವೃತ್ತ ಸಭಾಪಾಲಕ, ದಾವಣಗೆರೆ

ಸಹೋದರಿಯವರಿಗೆ ಕರ್ತನಲ್ಲಿ ವಂದನೆಗಳು. ನಿಮ್ಮ ಹಿರಿಯರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆರಾಧನೆಯಲ್ಲಿ ಎಲ್ಲರೂ ದೇವರ ಕಡೆಗೆ ಮುಖ ಮಾಡಿರುತ್ತಾರೆ. ನಾಟಕದಲ್ಲಿ ಕೆಲವರು ಆಡುತ್ತಾರೆ, ಉಳಿದವರು ನೋಡುತ್ತಾರೆ. ನೋಡುವ ಜನ ಪ್ರೇಕ್ಷಕರಾಗಿಬಿಟ್ಟರೆ ಆ 10 ನಿಮಿಷ ಆರಾಧನೆ ನಿಂತುಹೋದಂತೆಯೇ. ಅವರ ಭಯ ಇದೇ ಆಗಿದ್ದರೆ ಅದು ನ್ಯಾಯವಾದ ಭಯ, ಮತ್ತು ಅದಕ್ಕೆ ಉತ್ತರವನ್ನು ನಾಟಕದ ರಚನೆಯೊಳಗೇ ಕೊಡಬೇಕು.

ವೇಷ ಮತ್ತು ಅಭಿನಯ ದೇವರ ವಾಕ್ಯಕ್ಕೆ ಹೊರಗಿನವು ಎಂಬ ಭಾವನೆಗೆ ಮಾತ್ರ ಸತ್ಯವೇದದ ಆಧಾರ ಕಾಣುವುದಿಲ್ಲ. ಯೆರೆಮೀಯನು 19ನೆಯ ಅಧ್ಯಾಯದಲ್ಲಿ ಹಿರಿಯರ ಕಣ್ಣೆದುರಿಗೇ ಮಣ್ಣಿನ ಕೂಜೆಯನ್ನು ಒಡೆಯುತ್ತಾನೆ. ಯೆಹೆಜ್ಕೇಲನು 4ನೆಯ ಅಧ್ಯಾಯದಲ್ಲಿ ಇಟ್ಟಿಗೆಯ ಮೇಲೆ ಯೆರೂಸಲೇಮಿನ ನಕ್ಷೆಯನ್ನು ಬರೆದು, ಅದಕ್ಕೆ ಮುತ್ತಿಗೆ ಹಾಕಿ ತೋರಿಸುತ್ತಾನೆ. ಇವೆರಡೂ ದೇವರ ಅಪ್ಪಣೆಯಿಂದ ಆದವು. ಸಭೆಯ ಚರಿತ್ರೆಯಲ್ಲಿಯೂ ನಿಮಗೆ ಉಪಯೋಗವಾಗುವ ಒಂದು ಮಾದರಿ ಇದೆ. 10ನೆಯ ಶತಮಾನದ ಇಂಗ್ಲೆಂಡಿನ ಮಠಗಳಿಗಾಗಿ ಬರೆದ ನಿಯಮಗ್ರಂಥವೊಂದರಲ್ಲಿ ಈಸ್ಟರ್ ಬೆಳಗಿನ ಆರಾಧನೆಯ ಕ್ರಮ ಹೀಗೆ ಬರುತ್ತದೆ: ದೇವದೂತನ ಪಾತ್ರದಲ್ಲಿ ಒಬ್ಬ ಸನ್ಯಾಸಿ ಬಿಳಿಯ ನಿಲುವಂಗಿ ತೊಟ್ಟು, ತಾಳೆಯ ಗರಿಯನ್ನು ಹಿಡಿದು, ಸಮಾಧಿಯೆಂದು ಗುರುತಿಸಿದ ಜಾಗದಲ್ಲಿ ಕುಳಿತುಕೊಳ್ಳುತ್ತಾನೆ, ಯೇಸುವಿನ ಸಮಾಧಿಗೆ ಬಂದ ಸ್ತ್ರೀಯರಾಗಿ ಮೂವರು ಧೂಪಾರತಿಗಳನ್ನು ಹಿಡಿದು, ಏನನ್ನೋ ಹುಡುಕುವವರಂತೆ ಹೆಜ್ಜೆಯಿಡುತ್ತ ಬರುತ್ತಾರೆ, ಯಾರನ್ನು ಹುಡುಕುತ್ತೀರಿ ಎಂದು ಅವನು ಕೇಳುತ್ತಾನೆ, ಅವರು ಉತ್ತರಿಸುತ್ತಾರೆ, ಬಿಟ್ಟುಹೋದ ವಸ್ತ್ರವನ್ನು ಎತ್ತಿ ತೋರಿಸುತ್ತಾರೆ, ಕೂಡಲೇ ಸ್ತುತಿಗೀತೆ ಆರಂಭವಾಗುತ್ತದೆ. ನಾಲ್ಕು ಮಂದಿ, ಒಂದು ಪ್ರಶ್ನೆ, ಕೊನೆಗೆ ಸಭೆಯ ಗೀತೆ. ಯೂರೋಪಿನ ಮಧ್ಯಯುಗದ ಧಾರ್ಮಿಕ ನಾಟಕ ಇಂಥ ಆರಾಧನೆಯೊಳಗಿನಿಂದಲೇ ಬೆಳೆಯಿತು. ನಮ್ಮ ನಾಡಿನಲ್ಲಿಯೂ ಬಾಸೆಲ್ ಮಿಷನ್ 1834 ರಲ್ಲಿ ಮಂಗಳೂರಿಗೆ ಬಂದ ಮೇಲೆ ಸುವಾರ್ತೆಯನ್ನು ಈ ನೆಲದ ರೂಪಗಳಲ್ಲಿ ಹೇಳುವ ಪ್ರಯತ್ನ ಬೇಗನೆ ಆರಂಭವಾಯಿತು. ಕಿಟ್ಟೆಲ್ ಅವರು 1862 ರಲ್ಲಿಯೇ ಯೇಸುವಿನ ಚರಿತ್ರೆಯನ್ನು ದೇಶೀಯ ಪದ್ಯರೂಪದಲ್ಲಿ ‘ಕಥಾಮಾಲೆ’ಯಾಗಿ ಪ್ರಕಟಿಸಿದರು.

ಈಗ ನಿಮ್ಮ ನಾಟಕಕ್ಕೆ ಬರುತ್ತೇನೆ. ಹುಬ್ಬಳ್ಳಿಯ ಸಹೋದರರು ಸಂಜೆಯ ದೃಶ್ಯವೊಂದೇ ಸಾಕೆನ್ನುತ್ತಾರೆ. ಅದಕ್ಕೆ ಮೊದಲು ಒಂದೂವರೆ ನಿಮಿಷದ ಹೊಲದ ದೃಶ್ಯ ಬೇಕೆಂದು ನನಗೆ ತೋರುತ್ತದೆ, ಅದಕ್ಕೆ ಕಾರಣವೂ ಇದೆ. 2ನೆಯ ಅಧ್ಯಾಯದ 4ನೆಯ ವಚನದಲ್ಲಿ ಬೋವಜನು ಹೊಲಕ್ಕೆ ಬಂದು ಕೊಯ್ಯುವವರಿಗೆ, ಯೆಹೋವನು ನಿಮ್ಮ ಸಂಗಡ ಇರಲಿ ಎನ್ನುತ್ತಾನೆ; ಅವರು, ಯೆಹೋವನು ನಿನ್ನನ್ನು ಆಶೀರ್ವದಿಸಲಿ ಎಂದು ಉತ್ತರ ಕೊಡುತ್ತಾರೆ. ಆರಾಧನಾಕ್ರಮದಲ್ಲಿ ಸಭಾಪಾಲಕನೂ ಸಭೆಯೂ ಪರಸ್ಪರ ಹೇಳುವ ವಂದನೆಗೆ ಮೂಲ ಇಲ್ಲಿಯೇ ಇದೆ. ಬೋವಜನ ಪಾತ್ರಧಾರಿ ನಡುಹಾದಿಯಲ್ಲಿ ನಿಂತು ಈ ಮಾತನ್ನು ಇಡೀ ಸಭೆಗೆ ಹೇಳಲಿ. ಉತ್ತರವನ್ನು ಮುಂಚಿತವಾಗಿ ಆರಾಧನಾಪತ್ರದಲ್ಲಿ ಅಚ್ಚು ಮಾಡಿಸಿ, ಸಭೆಯವರೇ ಕೊಯ್ಲಿನವರಾಗಿ ಉತ್ತರಿಸಲಿ. ಅಲ್ಲಿಂದ ಮುಂದೆ ಅವರು ಪ್ರೇಕ್ಷಕರಲ್ಲ, ಆ ಹೊಲದಲ್ಲಿ ಇರುವವರು. ಕೊಯ್ಲಿನವರಿಗಾಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ತೊಂದರೆಯೂ ತಪ್ಪುತ್ತದೆ.

ಹಿರಿಯರ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಅವರನ್ನು ಒಪ್ಪಿಸಲು ವಾದ ಮಾಡಬೇಡಿ. ನಾಟಕಕ್ಕೆ ಮುಂಚೆ ಯಾಜಕಕಾಂಡ 19:9–10 ಅನ್ನು ಓದಲು ಅವರನ್ನೇ ಕೇಳಿಕೊಳ್ಳಿ. ಹೊಲದ ಮೂಲೆಗಳನ್ನು ಪೂರ್ತಿಯಾಗಿ ಕೊಯ್ಯಬಾರದು, ಹಕ್ಕಲನ್ನು ಬಡವರಿಗೂ ಪರದೇಶಸ್ಥರಿಗೂ ಬಿಡಬೇಕು ಎಂಬ ಆಜ್ಞೆ ಅದು. ವಾಚನದ ಮುಂದುವರಿಕೆಯಾಗಿ ನಾಟಕ ಬರುತ್ತದೆಯೇ ಹೊರತು ಆರಾಧನೆಯ ನಡುವೆ ತೂರಿಸಿದ ಕಾರ್ಯಕ್ರಮವಾಗಿ ಅಲ್ಲವೆಂಬುದು ಅವರಿಗೆ ತಮ್ಮ ಸ್ವಂತ ಧ್ವನಿಯಿಂದಲೇ ತಿಳಿಯುತ್ತದೆ. ಪವಿತ್ರ ಮೇಜನ್ನು ಮಾತ್ರ ರಂಗಪರಿಕರವನ್ನಾಗಿ ಬಳಸಬೇಡಿ; ಅದರ ಮೇಲೆ ಏನನ್ನೂ ಇಡಬೇಡಿ, ಅದಕ್ಕೆ ಒರಗಿ ನಿಲ್ಲುವುದೂ ಬೇಡ. ಹಬ್ಬಕ್ಕೆ ಜನರು ತಂದು ಒಪ್ಪಿಸಿದ ತೆಂಗಿನಕಾಯಿ, ಧಾನ್ಯ, ತರಕಾರಿಗಳನ್ನೂ ಹಾಗೆಯೇ. ಅವು ಕಾಣಿಕೆಗಳು, ನಾಟಕದ ಸಾಮಾನುಗಳಲ್ಲ.

ಉತ್ತರ — ಗಾಯನವೃಂದದ ಸದಸ್ಯೆ, ಉಡುಪಿ

ಮೇಲಿನ ಇಬ್ಬರ ಮಾತಿಗೂ ನನ್ನ ಸಮ್ಮತಿಯಿದೆ. ಆದರೆ ಬೋವಜನ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕೆನ್ನಿಸಿತು, ಯಾಕೆಂದರೆ ಶಿಕ್ಷಕಿಯವರ ಸಭೆಯಲ್ಲಿ ಕೂಲಿಗೆ ಹೋಗುವವರು ಹೆಚ್ಚಾಗಿದ್ದಾರೆ.

ಈ ಕಥೆಯನ್ನು ಆಡುವಾಗಲೆಲ್ಲ ಬೋವಜನು ಉದಾರಿಯಾದ ಧಣಿಯಾಗಿಯೂ ರೂತಳು ಕೈಯೊಡ್ಡಿ ನಿಂತ ದಿಕ್ಕಿಲ್ಲದ ಹೆಣ್ಣಾಗಿಯೂ ಕಾಣಿಸುವುದು ಸುಲಭ. ಸಭಾಪಾಲಕರು ಹೇಳಿದ ಯಾಜಕಕಾಂಡದ ಆಜ್ಞೆಯನ್ನೂ ಧರ್ಮೋಪದೇಶಕಾಂಡ 24:19–21 ಅನ್ನೂ ಓದಿದರೆ ಚಿತ್ರ ಬೇರೆಯಾಗುತ್ತದೆ. ಹೊಲದ ಮೂಲೆಯೂ ಮರೆತುಬಿಟ್ಟ ಸಿವುಡೂ (ತೆನೆಯ ಕಟ್ಟೂ) ಒಡೆಯನ ಔದಾರ್ಯವಲ್ಲ. ಬಡವರು, ವಿಧವೆಯರು, ಪರದೇಶಸ್ಥರು ಇವರಿಗೆ ದೇವರ ನಿಯಮ ಕೊಟ್ಟ ಪಾಲು. ರೂತಳು ಆ ಪಾಲನ್ನು ಹುಡುಕಿಕೊಂಡು ತಾನಾಗಿಯೇ ಹೊರಟವಳು, ಬೆಳಗಿನಿಂದ ದುಡಿದವಳು ಎಂದು ಮೇಸ್ತ್ರಿಯೇ ಸಾಕ್ಷಿ ಹೇಳುತ್ತಾನೆ. ಬೋವಜನ ದೊಡ್ಡತನವಿರುವುದು ನಿಯಮವನ್ನು ಪಾಲಿಸಿ, ಅದನ್ನು ದಾಟಿಯೂ ಹೋದುದರಲ್ಲಿ: ತನ್ನವರ ಜೊತೆಯಲ್ಲಿ ಕುಳ್ಳಿರಿಸಿ ಊಟ ಕೊಟ್ಟದ್ದು, ಸಿವುಡುಗಳಿಂದ ಬೇಕೆಂತಲೇ ತೆನೆಗಳನ್ನು ಎಳೆದು ಬಿಡಲು ಹೇಳಿದ್ದು, ಯಾರೂ ಅವಳನ್ನು ಮುಟ್ಟಬಾರದೆಂದು ಆಜ್ಞೆ ಮಾಡಿದ್ದು. ಈ ಕೊನೆಯದನ್ನು ಮಕ್ಕಳ ನಾಟಕವೆಂದು ಕೈಬಿಡುವವರನ್ನು ನೋಡಿದ್ದೇನೆ. ಹೊಲಕ್ಕೆ ದುಡಿಯಲು ಹೋಗುವ ಹೆಣ್ಣುಮಕ್ಕಳು ಬೆಂಚುಗಳಲ್ಲಿ ಕುಳಿತಿರುವಾಗ ಅದನ್ನು ಬಿಡುವುದು ಸರಿಯಲ್ಲ.

ರೂತಳು ಪರದೇಶದವಳೆಂದು ತೋರಿಸಲು ಅವಳ ಮುಖಕ್ಕೆ ಕಪ್ಪು ಬಳಿಯುವುದೂ ಹರಕು ಬಟ್ಟೆ ಹಾಕುವುದೂ ಬೇಡ. ಉಳಿದವರೆಲ್ಲ ಒಂದೇ ಬಣ್ಣದ ಶಾಲು ಹೊದ್ದಿದ್ದು ಅವಳದು ಬೇರೆ ಬಣ್ಣವಾಗಿದ್ದರೆ ಸಾಕಾಗುತ್ತದೆ.

ಗಾಯನದ ವಿಷಯ ಹೇಳುವುದಾದರೆ, ನಾಟಕ ನಡೆಯುತ್ತಿರುವಾಗ ಕೀಬೋರ್ಡ್ ನುಡಿಸುತ್ತಲೇ ಇರುವುದನ್ನು ದಯವಿಟ್ಟು ತಡೆಯಿರಿ. ಮಾತು ಅದರಲ್ಲಿ ಮುಳುಗಿಹೋಗುತ್ತದೆ. ಯಕ್ಷಗಾನದಲ್ಲಿ ಮಾತಿಗೆ ಮಾತಿನ ಹೊತ್ತು, ಹಿಮ್ಮೇಳಕ್ಕೆ ಹಿಮ್ಮೇಳದ ಹೊತ್ತು ಇರುವಂತೆ, ಗಾಯನವೃಂದ ಎರಡು ಕಡೆ ಮಾತ್ರ ಹಾಡಲಿ: ಹೊಲದಿಂದ ಮನೆಗೆ ಬರುವ ನಡುವಿನಲ್ಲಿ ಒಂದು ಚರಣ, ಕೊನೆಯಲ್ಲಿ ಸಭೆಯೊಂದಿಗೆ ಪೂರ್ತಿ ಗೀತೆ.

ಶಿಕ್ಷಕಿ, ಧಾರವಾಡ ಜಿಲ್ಲೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನು ಋಣಿ. ಹಿರಿಯರು ಯಾಜಕಕಾಂಡವನ್ನು ಓದಲು ಒಪ್ಪಿದ್ದಾರೆ. ನಾಟಕದ ಬಗ್ಗೆ ಅವರ ಮನಸ್ಸು ಇನ್ನೂ ಪೂರ್ತಿಯಾಗಿ ತಿಳಿಯಾಗಿಲ್ಲ. ತಾಲೀಮಿಗೆ ಒಂದು ದಿನ ಬಂದು ನೋಡುತ್ತೇನೆಂದು ಹೇಳಿದ್ದಾರೆ. ನಿಮ್ಮ ಸಲಹೆಯಂತೆ ಸಂಜೆಯ ದೃಶ್ಯವನ್ನು ಹೊಸದಾಗಿ ಬರೆದಿದ್ದೇನೆ. ಅದರ ಕೊನೆಯ ಭಾಗವನ್ನು ಇಲ್ಲಿ ಹಾಕುತ್ತಿದ್ದೇನೆ, ತಿದ್ದಿಕೊಡಿ.

(ನೊವೊಮಿ ಮೇಲಿನ ಮೆಟ್ಟಿಲ ಮೇಲೆ ಕುಳಿತಿದ್ದಾಳೆ. ರೂತಳು ಗಂಟನ್ನು ಹೊತ್ತು ನಡುಹಾದಿಯಿಂದ ಬರುತ್ತಾಳೆ.)

ನೊವೊಮಿ: ಕತ್ತಲಾಯಿತಲ್ಲ ಮಗಳೇ. ಯಾರಾದರೂ ಬೈದರೇ?

ರೂತಳು: ಇಲ್ಲ ಅತ್ತೆ.

ನೊವೊಮಿ: ಯಾರಾದರೂ ಮೈಮುಟ್ಟಿದರೇ?

ರೂತಳು: ಇಲ್ಲ. ಯಾರೂ ಮುಟ್ಟಕೂಡದೆಂದು ಹೊಲದ ಒಡೆಯರೇ ಹೇಳಿದರು. (ಗಂಟನ್ನು ಇಳಿಸುತ್ತಾಳೆ. ನೊವೊಮಿ ಅದನ್ನು ನೋಡುವುದಿಲ್ಲ.)

ನೊವೊಮಿ: ಒಂದು ಹಿಡಿಯಾದರೂ ಸಿಕ್ಕಿತೇ?

ರೂತಳು: ಮೊದಲು ಊಟ ಮಾಡಿರಿ. (ಸೆರಗಿನಿಂದ ಹುರಿದ ಕಾಳನ್ನು ಬಿಚ್ಚಿ) ಮಧ್ಯಾಹ್ನ ನನಗೆ ಕೊಟ್ಟಿದ್ದರು.

ನೊವೊಮಿ: ನೀನು ತಿನ್ನದೆ ನನಗೆ ತಂದೆಯಾ?

ರೂತಳು: ಹೊಟ್ಟೆ ತುಂಬ ತಿಂದೆ. ತಿಂದು ಉಳಿದದ್ದು ಇದು.

ನೊವೊಮಿ: ಹಕ್ಕಲಾಯುವವಳಿಗೆ ತಿಂದು ಉಳಿಯುವಷ್ಟು ಊಟ ಕೊಡುತ್ತಾರೆಯೇ? (ಗಂಟಿಗೆ ಕೈ ಹಾಕುತ್ತಾಳೆ; ಅದನ್ನು ಎತ್ತಲಾಗುವುದಿಲ್ಲ.) ಇದೇನು ಇಷ್ಟು ಭಾರ! ಇವತ್ತು ಎಲ್ಲಿ ಹಕ್ಕಲಾಯ್ದೆ?

ರೂತಳು: ಆ ಒಡೆಯರ ಹೆಸರು ಬೋವಜ.

ನೊವೊಮಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಬರಿಗೈಯಲ್ಲಿ ಬಂದೆನೆಂದು ಊರಿಗೆಲ್ಲ ಹೇಳಿದೆ. ನೀನು ಪಕ್ಕದಲ್ಲಿಯೇ ನಿಂತಿದ್ದೆ. ಬದುಕಿರುವವರನ್ನೂ ಸತ್ತವರನ್ನೂ ಯೆಹೋವನು ಮರೆತಿಲ್ಲ ಮಗಳೇ. ದೇವರು ಬಡವರನ್ನು ಎಂದಿಗೂ ಕೈಬಿಡುವುದಿಲ್ಲ. ನಾವೂ ಬೋವಜನಂತೆ ನಮ್ಮಲ್ಲಿರುವುದನ್ನು ಇತರರಿಗೆ ಕೊಡಲು ಕಲಿಯಬೇಕು.

ಉತ್ತರ — ಹವ್ಯಾಸಿ ರಂಗಕರ್ಮಿ, ಹುಬ್ಬಳ್ಳಿ

ಬಹಳ ಚೆನ್ನಾಗಿ ಬಂದಿದೆ. ನಿಮ್ಮ ನೊವೊಮಿ ಮೊದಲು ಕೇಳುವುದು ಧಾನ್ಯದ ಬಗ್ಗೆ ಅಲ್ಲ, ಸೊಸೆಯ ಕ್ಷೇಮದ ಬಗ್ಗೆ. ಅವಳ ಮನಸ್ಸು ತನಗೇ ಗೊತ್ತಿಲ್ಲದೆ ತಿರುಗಲು ಆರಂಭಿಸಿದೆಯೆಂಬುದು ಆ ಎರಡು ಪ್ರಶ್ನೆಗಳಲ್ಲಿಯೇ ಕಾಣುತ್ತದೆ. ನೀನು ಪಕ್ಕದಲ್ಲಿಯೇ ನಿಂತಿದ್ದೆ ಎಂಬ ಮಾತು ನಾಟಕದ ಹೃದಯ. ಅದನ್ನು ಹೇಳುವಾಗ ನೊವೊಮಿ ಮೊದಲ ಬಾರಿಗೆ ರೂತಳ ಮುಖವನ್ನು ನೋಡಲಿ. ಅಲ್ಲಿಯವರೆಗೆ ಅವಳ ದೃಷ್ಟಿ ನೆಲದ ಮೇಲೋ ಗಂಟಿನ ಮೇಲೋ ಇರಲಿ.

ಕೊನೆಯ ಎರಡು ವಾಕ್ಯಗಳನ್ನು ತೆಗೆದುಹಾಕಿ. ಅವು ಸುಳ್ಳಲ್ಲ, ಆದರೆ ಅವು ನೊವೊಮಿಯ ಮಾತುಗಳಲ್ಲ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮಣ್ಣು ಮಾಡಿ ಬಂದವಳು ಒಂದು ಗಂಟು ಜವೆಗೋದಿಯನ್ನು ಕಂಡ ಕೂಡಲೇ ಊರಿಗೆ ಬುದ್ಧಿ ಹೇಳಲು ನಿಲ್ಲುವುದಿಲ್ಲ. ಅದನ್ನು ಹೇಳುವ ಹೊಣೆ ಪ್ರಸಂಗಪೀಠದ್ದು, ಮತ್ತು ನಿಮ್ಮ ಅಯ್ಯನವರು ಅದಕ್ಕಾಗಿಯೇ ನಿಮ್ಮ ಹಿಂದೆ ನಿಂತಿದ್ದಾರೆ. ಇದೇ ಕಾರಣಕ್ಕೆ, ಅವಳ ಮೊದಲಿನ ದೂರನ್ನು ಎಲ್ಲಿಯೂ ಮೆತ್ತಗೆ ಮಾಡಬೇಡಿ. ದೇವರು ನನ್ನನ್ನು ಬರಿಗೈ ಮಾಡಿದನೆಂದು ಚರ್ಚಿನೊಳಗೆ ಹೇಳಿಸಬಹುದೇ ಎಂದು ಯಾರಾದರೂ ಕೇಳಿದರೆ, ಆ ಮಾತು ಸತ್ಯವೇದದಲ್ಲಿಯೇ ಇದೆಯೆಂದು 1:20–21 ಅನ್ನು ತೋರಿಸಿ. ಆ ವರ್ಷ ಮನೆಯಲ್ಲಿ ಸಾವು ಕಂಡವರು, ಬೆಳೆ ಕಳೆದುಕೊಂಡವರು ಕೂಡ ಸುಗ್ಗಿ ಹಬ್ಬಕ್ಕೆ ಬಂದು ಕುಳಿತಿರುತ್ತಾರೆ. ಅವರ ಪರವಾಗಿ ಮಾತನಾಡುವವಳು ಆ ಇಡೀ ಆರಾಧನೆಯಲ್ಲಿ ಬಹುಶಃ ಅವಳೊಬ್ಬಳೇ.

ಸಭಾಪಾಲಕರು ಹೇಳಿದ ಹೊಲದ ದೃಶ್ಯವನ್ನು ನಾನೂ ಒಪ್ಪುತ್ತೇನೆ. ಸಭೆಯೇ ಉತ್ತರ ಕೊಡುವ ಆ ಯೋಜನೆ ನನಗೆ ಹೊಳೆದಿರಲಿಲ್ಲ. ಉತ್ತರ ಹೇಳುವುದನ್ನು ಆರಾಧನೆಗೆ ಮುಂಚೆ ಗೀತೆಗಳನ್ನು ಕಲಿಸುವ ಹೊತ್ತಿನಲ್ಲಿ ಒಂದು ಸಲ ಎಲ್ಲರಿಂದಲೂ ಹೇಳಿಸಿಬಿಡಿ. ಇಲ್ಲದಿದ್ದರೆ ಅರ್ಧ ಜನ ಹಾಳೆ ಹುಡುಕುತ್ತಿರುತ್ತಾರೆ.

ಗಂಟಿನ ಬಗ್ಗೆ: ಒಂದು ಏಫಾ ಜವೆಗೋದಿ 13 ಕಿಲೋದಷ್ಟು ತೂಗಬಹುದು, ಮಕ್ಕಳ ಬೆನ್ನಿಗೆ ಅದು ಹೆಚ್ಚಾಯಿತು. ಹಾಗೆಂದು ಹಳೆಯ ಬಟ್ಟೆಯನ್ನೋ ಹುಲ್ಲನ್ನೋ ತುಂಬಿದರೆ ಇಳಿಸುವಾಗಲೇ ಅದು ಹಗುರವೆಂದು ಎಲ್ಲರಿಗೂ ತಿಳಿಯುತ್ತದೆ. ರೈತರ ಕಣ್ಣು ಕಾಳಿನ ಚೀಲವನ್ನು ಚೆನ್ನಾಗಿ ಬಲ್ಲದು. ನಾಲ್ಕೈದು ಕಿಲೋ ಜೋಳವನ್ನೇ ಕಟ್ಟಿಸಿ, ತಾಲೀಮಿನ ಮೊದಲ ದಿನದಿಂದಲೇ ಅದನ್ನು ಹೊತ್ತು ನಡೆಸಿ. ರೂತಳಾಗಿ ದೊಡ್ಡ ಹುಡುಗಿಯನ್ನು ಆರಿಸಿಕೊಳ್ಳಿ, ನೊವೊಮಿಯ ಪಾತ್ರವನ್ನು ಮಾತ್ರ ಯಾವ ಕಾರಣಕ್ಕೂ ಮಕ್ಕಳಿಗೆ ಕೊಡಬೇಡಿ. ಅನ್ಯೋನ್ಯ ಕೂಟದ ತಾಯಂದಿರಲ್ಲಿ ಒಬ್ಬರು ಮಾಡಲಿ.

ನೊವೊಮಿಯ ಮಾತು ಮುಗಿದ ಮೇಲೆ ಪಾತ್ರಧಾರಿಗಳು ಸಾಲಾಗಿ ನಿಂತು ನಮಸ್ಕರಿಸುವುದು ಬೇಡ, ಚಪ್ಪಾಳೆಗೆ ಅವಕಾಶ ಸಿಗದಂತೆ ಗಾಯನವೃಂದ ತಕ್ಷಣ ಗೀತೆಯನ್ನು ಎತ್ತಿಕೊಳ್ಳಲಿ. ಸಭೆ ಎದ್ದು ನಿಂತು ಹಾಡುತ್ತಿರುವಾಗ ಇಬ್ಬರೂ ಗಂಟನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ತಮ್ಮ ತಮ್ಮ ಬೆಂಚಿಗೆ ಸೇರಿಕೊಂಡರೆ ಆಯಿತು. ಹಿರಿಯರು ತಾಲೀಮಿಗೆ ಬರುವ ದಿನ ಗೀತೆಯನ್ನೂ ಸೇರಿಸಿಯೇ ಮಾಡಿ ತೋರಿಸಿ. ಅದಿಲ್ಲದೆ ನೋಡಿದರೆ ಅವರಿಗೆ ಕಾಣುವುದು ಬರಿಯ ನಾಟಕವಷ್ಟೇ.